ಅತ್ತೆಗೆ ‘ಹರಿ ಅಪ್’ ಅನ್ನೂದು ಹ್ಯಾಂಗ?

ಜಲ್ದಿ ಮಾಡ್ರಿ ಅಂತ ಇಂಗ್ಲಿಷಿನಾಗ ಹೇಳೂದು ಕಲಸೂದೇ ನನ್ನ ಕಸಬು. ಆದ್ರ ನಮ್ಮ ಕಡೆ ಯಾರಿಗೂ ಜಲ್ದಿ ಇಲ್ಲ. ಹಿಂಗಾಗಿ ಇಂಥವು ನಡೀತನ ಇರ್ತಾವ.

ಬಸ್ಸಿನ್ಯಾಗ

ನಾ ಇರೂದು ಬಸವಕಲ್ಯಾಣ, ಇಂಗ್ಲಿಷ್ ಕ್ಲಾಸ್ ನಡಸೂದು ಹುಮನಾಬಾದ್‌ದಾಗ. ಒಂದಿನ ಬಸ್ಸಿನ್ಯಾಗ ಕ್ಲಾಸಿಗೆ ಹೊಂಟಿದ್ದೆ. ಅವತ್ತಿನ ಪಾಠ: ‘ಹರಿ ಅಪ್’ ಅಂದ್ರ ಜಲ್ದಿ ಮಾಡು, ‘ಸ್ಪೀಡ್ ಅಪ್’ ಅಂದ್ರ ಇನ್ನೂ ಜೋರು ಮಾಡು, ‘ಗೆಟ್ ಗೋಯಿಂಗ್’ ಅಂದ್ರ ಇನ್ನ ಹೊಂಡು. ನಡುದಾರ್ಯಾಗ ಬಸ್ ನಿಲ್ಲಿಸಿ ಡ್ರೈವರ್ ಚಾ ಕುಡಿಯಾಕತ್ತಿದ್ದ. ನನಗ ಸಿಟ್ಟು ನೆತ್ತಿಗೇರಿ ಕಿಟಕ್ಯಾಗಿಂದ ಆ ಮೂರೂ ಒದರಿದೆ. ಅಂವಾ ಭಾಳ ಮರ್ಯಾದೆಯಿಂದ ನನಗೂ ಒಂದು ಕಪ್ ಕಳಿಸಿದ. ಕುಡದೆ. ಏನ್ ಮಾಡೂದು, ಚಾ ಚಲೋ ಇತ್ತು.

ಕ್ಲಾಸಿನ್ಯಾಗ

ಔಷಧ ಫ್ಯಾಕ್ಟರ್ಯಾಗ ಗುಳಿಗಿ ಪ್ಯಾಕ್ ಮಾಡೂ ಒಬ್ಬ ಹೆಣ್ಣುಮಗಳು ನನ್ನ ಕ್ಲಾಸಿಗೆ ಬರ್ತಿದ್ದಳು. ಪ್ಯಾಕ್ ಮಾಡೂ ಸಾಲಿನ ಮೇಲ್ವಿಚಾರಕಿ, ಅಂದ್ರ ಲೈನ್ ಲೀಡರ್, ಆಗಬೇಕಂತ ಆಕಿ ಆಸೆ. ಫ್ಯಾಕ್ಟರಿ ಸಾಹೇಬರಿಗೆ ಕನ್ನಡ ಬರೂದಿಲ್ಲ. ಸೋಮವಾರ ಅವರೆದುರು ಇಂಗ್ಲಿಷಿನಾಗ ಲೈನ್ ನಡಸಿ ತೋರಸಿದ್ರ ಕೆಲಸ ಪಕ್ಕಾ. ಪಾಠ ಎಲ್ಲಾ ಬರ್ತಿತ್ತು, ಬಾಯಿ ಮಾತ್ರ ಏಳ್ತಿದ್ದಿಲ್ಲ. ಯಾಕವಾ ಅಂತ ಕೇಳಿದೆ.

“ಆ ಲೈನಿನ್ಯಾಗ ನಮ್ಮ ಅತ್ತೇನೂ ಕುಂಡ್ರತಾರ್ರಿ ಸರ. ಅವರಿಗೆ ಹರಿ ಅಪ್ ಹ್ಯಾಂಗ ಅನ್ಲಿ?”

ಇಂಗ್ಲಿಷಿನಾಗ ಅತ್ತೆ ಇಲ್ಲ, ಸೊಸಿ ಇಲ್ಲ, ಬಿಂದಾಸ್ ಅನ್ನು ಅಂತ ಧೈರ್ಯ ಕೊಟ್ಟೆ. ಆಕಿ ಭಾಳ ಹೊತ್ತು ವಿಚಾರ ಮಾಡಿ, “ಹರಿ ಅಪ್ ರೀ ಅಂದ್ರ ನಡೀತದೇನ್ರಿ?” ಅಂದಳು.

ಸೋಮವಾರ

ಆ ಕಥಿ ಆಕೀನ ಪೇಢಾ ತಂದು ಹೇಳಿದಳು. ಮೊದಲು ಫ್ಯಾಕ್ಟರಿ ಟೋಪಿ ಮ್ಯಾಲೆ ಇಲ್ಲದ ಸೆರಗು ಎಳಕೊಂಡು ಮೆಲ್ಲಗ “ಹರಿ ಅಪ್ ರೀ” ಅಂದಳಂತ. ಅತ್ತೆ ತಲಿ ಎತ್ತಲಿಲ್ಲ. ಸಾಹೇಬರು ಗಡಿಯಾರ ನೋಡಿದ್ರು. ಆಗ ಲಗ್ನ ಆದಾಗಿಂದ ಹೊಟ್ಟ್ಯಾಗ ಇಟ್ಟಿದ್ದೆಲ್ಲಾ ಸೇರಿ “ಸ್ಪೀಡ್ ಅಪ್, ಗೆಟ್ ಗೋಯಿಂಗ್” ಅಂತ ಹೊರಗ ಬಂತು. ಲೈನಿನ್ಯಾಗ ಎಲ್ಲರಕಿಂತ ಜೋರು ಅತ್ತೆ ಕೈನ ಓಡಿತಂತ. ಕೆಲಸ ಸಿಕ್ತು. ನನಗೂ ಹೆಮ್ಮೆ ಅನಿಸ್ತು.

ಮರುದಿನ

ಕ್ಲಾಸ್ ಬಾಗಿಲಿಗೆ ಅತ್ತೇನ ಬಂದು ನಿಂತ್ರು. ಸೊಸಿಗೆ ಇದೆಲ್ಲಾ ಕಲಸಿದವ ನಾನ ಅಲ್ಲ? ಬೈಗಳ ತಿನ್ನಾಕ ತಯಾರಾದೆ. ಅವರು ಸೀದಾ ಮುಂದಿನ ಬೆಂಚಿನ ಮ್ಯಾಲೆ ಕುಂತ್ರು.

“ಸೊಸಿ ಲೀಡರ್ ಆಗ್ಯಾಳ, ಖುಷಿ ಅದರಿ. ಆದ್ರ ಅದು ಫ್ಯಾಕ್ಟರ್ಯಾಗ. ಮನಿ ಲೈನಿಗೆ ನಾನ ಲೀಡರ್. ಆಕಿಗೆ ಕಲಸಿದ್ದು ಅಷ್ಟೂ ನನಗೂ ಕಲಸ್ರಿ.”

ಜೀವ ಬಂತು ನನಗ. ಬೋರ್ಡಿನ ಕಡೆ ತಿರುಗಿ ಸಾವಕಾಶ ಚಾಕ್ ಹುಡುಕಾಕತ್ತಿದ್ದೆ. ಹಿಂದಿಂದ ಅತ್ತೆ ದನಿ ಬಂತು:

“ಹರಿ ಅಪ್ ರೀ, ಸರ.”