ಪಾಯಿಂಟಿಗೆ ಮೀನೆಣ್ಣೆ

ಒಸೇವೆ ಎಂದರೆ ಯಾರು? ಅಸೆಂಬೋ ಸೀಮೆಯ ಗೂಳಿ! ಶಾಲೆಯ ಮೆಟ್ಟಿಲು ಹತ್ತದೆಯೇ ರೇಡಿಯೋ ಬಿಚ್ಚಿದವನು, ಹೊಲಿಗೆ ಯಂತ್ರ ಬಿಚ್ಚಿದವನು, ಪಾದ್ರಿಗಳ ಗೋಡೆ ಗಡಿಯಾರ ಬಿಚ್ಚಿದವನು! ಮತ್ತೆ ಜೋಡಿಸಿದೆನೇ ಎಂಬ ಮಾತು ಈಗ ಬೇಡ. ನಮ್ಮ ಜನರಲ್ಲಿ ತನ್ನನ್ನು ತಾನೇ ಹೊಗಳಿಕೊಳ್ಳುವುದು ತಪ್ಪಲ್ಲ. ಹೊಗಳಿಕೊಳ್ಳದವನಿಗೆ ಹೆಣ್ಣೂ ಸಿಗುವುದಿಲ್ಲ. ಹಾಗಾಗಿ ಆ ಶನಿವಾರ ಮಧ್ಯಾಹ್ನ ಅಂಗಳದಲ್ಲಿ ಕೆಟ್ಟು ನಿಂತಿದ್ದ ನನ್ನ ಬೈಕಿನ ಪಕ್ಕ ನಿಂತು ಸಾರಿದೆ: "ಈ ಬೈಕನ್ನ ನಾನೇ ಎಬ್ಬಿಸ್ತೀನಿ! ಮೆಕ್ಯಾನಿಕ್ಕಿನ ನೆರಳೂ ಇದರ ಮೇಲೆ ಬೀಳಕೂಡದು!"

ಎಬ್ಬಿಸದೆ ಗತಿಯೂ ಇರಲಿಲ್ಲ. ಮಾವಿನ ಮರದಡಿ ಅತ್ತೆ ಕುಳಿತಿದ್ದರು. ಮಗಳನ್ನು ನೋಡಲೆಂದು ಮೀನಿನ ಲಾರಿ ಹತ್ತಿ ಬಂದವರು, ಸಂಜೆಯೊಳಗೆ ಹತ್ತು ಮೈಲಿ ದೂರದ ತಮ್ಮೂರು ಸೆಮೆಗೆ ಮರಳಬೇಕು. ನಮ್ಮ ಜನರಲ್ಲಿ ಅಳಿಯನಾದವನು ಅತ್ತೆಯನ್ನು ಮುಟ್ಟುವಂತಿಲ್ಲ, ಮುಖ ಕೊಟ್ಟು ಮಾತಾಡುವಂತಿಲ್ಲ, ಒಂದೇ ಸೂರಿನಡಿ ಮಲಗುವ ಮಾತಂತೂ ಇಲ್ಲವೇ ಇಲ್ಲ. ಅತ್ತೆ ಉಳಿದರೆ ಅಳಿಯ ದನದ ಕೊಟ್ಟಿಗೆಗೆ! ಅದಕ್ಕೇ ಏರ್ಪಾಡು ಮಾಡಿದ್ದೆ: ಬೈಕಿನ ಮುಂದೆ ನಾನು, ಹಿಂದೆ ಅತ್ತೆ, ನಡುವೆ ಗೋಡೆಯ ಹಾಗೆ ನನ್ನ ಹೆಂಡತಿ. ಗೋಡೆ ತಯಾರಿತ್ತು. ಬೈಕು ತಯಾರಿರಲಿಲ್ಲ.

ಕಿಕ್ ಹೊಡೆದೆ. ಮುದಿ ಬೈಕು ಕೆಮ್ಮಲೂ ಇಲ್ಲ.

"ಅವಿನೋ ಅಪ್ಪಾ, ಬೆಳಗ್ಗೆ ಪೇಟೆಗೆ ಹೋಗಿಬಂತಲ್ಲ?" ಎಂದಳು ಹೆಂಡತಿ, ಎಂದಿನಂತೆ ಮಗಳ ಹೆಸರು ಹಿಡಿದು ನನ್ನನ್ನು ಕರೆಯುತ್ತ.

"ಬಂದ್ಮೇಲೆ ನಾನೇ ಕೈಯಾರೆ ಉಪಚಾರ ಮಾಡಿದೀನಿ ಕಣೇ!"

"ಅದಕ್ಕೇ ಹೀಗಾಗಿದೆ."

ಪ್ಲಗ್ಗು ಬಿಚ್ಚಿದೆ. ಮಸಿ ಕೆರೆದೆ, ಒಲೆಯಲ್ಲಿ ಕಾಯಿಸಿದೆ, ಎಂಜಿನ್ನಿಗೆ ತಾಗಿಸಿ ಕಿಕ್ ಹೊಡೆದೆ. ಕಿಡಿ ಇಲ್ಲ. ನೆರೆಮನೆಯ ನ್ಯಾಂಗ್ವೆಸೋನ ಬೈಕಿನ ಪ್ಲಗ್ಗು ಕಿತ್ತು ತಂದೆ. ಕಿಡಿ ಇಲ್ಲ. ಪ್ಲಗ್ಗಿಗೆ ಕರೆಂಟು ಕೊಡುವ ಅವನ ಕಾಯಿಲ್ಲೂ ಕೀಳಹೋದೆ, ತಂತಿ ತುಂಡಾಯಿತು. ಅಲ್ಲಿಗೆ ಅತ್ತೆಯನ್ನು ಸಾಗಿಸಬಹುದಾಗಿದ್ದ ಇನ್ನೊಂದು ಬೈಕೂ ಮಲಗಿತು! ಕೊನೆಗೆ ಕೀಲಿಯ ವೈರುಗಳನ್ನೇ ಕತ್ತರಿಸಿ ಒಂದಕ್ಕೊಂದು ಹೊಸೆದೆ. ಬೈಕಿನ ಹಾರನ್ನು ತಾನಾಗಿಯೇ ಹೊಡೆದುಕೊಳ್ಳತೊಡಗಿತು.

"ಸತ್ತಿಲ್ಲ ಮಾರಾಯ, ಅಳ್ತಾ ಇದೆ!" ಎಂದ ನ್ಯಾಂಗ್ವೆಸೋ, ತನ್ನ ತುಂಡಾದ ತಂತಿ ಹಿಡಿದುಕೊಂಡು.

ಹಾರನ್ನಿನ ಬಾಯಿ ಮುಚ್ಚಿಸುವಷ್ಟರಲ್ಲಿ ಬಿಸಿಲು ಇಳಿದಿತ್ತು. ಆಗ ಮಾವಿನ ಮರದಡಿಯಿಂದ ದನಿ ಬಂತು. ಅತ್ತೆ ನನ್ನೊಂದಿಗೆ ಮಾತಾಡುವಂತಿಲ್ಲವಲ್ಲ, ಕಟ್ಟಿದ್ದ ಮೇಕೆಯ ಕಡೆ ತಿರುಗಿದ್ದರು.

"ಏ ಮೇಕೆ, ನಿನ್ ಯಜಮಾನ್ರು ಪಾಯಿಂಟು ನೋಡಿದ್ರಾ ಅಂತ ಕೇಳು."

ಪಾಯಿಂಟೆಂದರೆ ಒಂದಕ್ಕೊಂದು ತಟ್ಟಿ ಬಿಟ್ಟು ಪ್ಲಗ್ಗಿಗೆ ಕಿಡಿ ಕಳಿಸುವ ಎರಡು ಪುಟ್ಟ ಲೋಹದ ತುದಿಗಳು. ನಾನೂ ಮೇಕೆಗೇ ಹೇಳಿದೆ. "ಪಾಯಿಂಟಿನ ಚಿಂತೆ ಬೇಡ ಅಂತ ಹೇಳು. ಅದು ಕಟಕಟ ಅಂತ ಒದ್ದಾಡ್ತಿತ್ತು. ಬೆಳಗ್ಗೇನೇ ಚೆನ್ನಾಗಿ ಎಣ್ಣೆ ಹಚ್ಚಿದೀನಿ."

"ಯಾವ ಎಣ್ಣೆ?"

"ಮೀನಿನ ಕೊಬ್ಬಿನ ಎಣ್ಣೆ. ನನ್ನ ಮಂಡಿಗೂ ಅದೇ ಹಚ್ಚೋದು!"

ಮೇಕೆ ಮೆಲುಕು ಹಾಕುವುದನ್ನು ನಿಲ್ಲಿಸಿತು.

"ಮೇಕೆ, ಅವರಿಗೆ ಕಣಜದ ಹಿಂದೆ ಹೋಗಿ ನಿಂತ್ಕೊಳ್ಳೋಕೆ ಹೇಳು."

ಅತ್ತೆ ಬೈಕಿನ ಬಳಿ ಬರಬೇಕಾದರೆ ನಾನು ದೂರ ಸರಿಯಬೇಕಲ್ಲ, ಹೋಗಿ ನಿಂತೆ. ನಡೆದುದನ್ನೆಲ್ಲ ಹೆಂಡತಿ ಕೂಗಿ ಹೇಳುತ್ತಿದ್ದಳು. "ಅಮ್ಮ ಮುಚ್ಚಳ ತೆಗೆದ್ಲು... ಮೂಗು ಮುಚ್ಕೊಂಡ್ಲು... ಬೆಕ್ಕನ್ನ ಓಡಿಸಿದ್ಲು..." ಮಾವ ತೀರಿದ ಮೇಲೆ ಅತ್ತೆ ಮೂವತ್ತು ವರ್ಷ ಜೋಳದ ಗಿರಣಿ ನಡೆಸಿದ್ದು ನನಗೂ ಗೊತ್ತಿತ್ತು. ಅಲ್ಲಿ ಹಿಟ್ಟು ಅಳೆಯುತ್ತಿದ್ದರು ಎಂದುಕೊಂಡಿದ್ದೆ, ಎಂಜಿನ್ ಬಿಚ್ಚುತ್ತಿದ್ದರಂತೆ! ಚೀಲದಿಂದ ಕಳೆದ ವಾರದ ಯಾರದೋ ಶವಸಂಸ್ಕಾರದ ಅಚ್ಚುಪತ್ರ ತೆಗೆದು, ಅದರ ದಪ್ಪ ರಟ್ಟನ್ನು ಪಾಯಿಂಟುಗಳ ನಡುವೆ ತುರುಕಿ ಎಳೆದರಂತೆ. ಕಿಡಿಗೆ ಅಡ್ಡ ಕೂತಿದ್ದ ಮೀನೆಣ್ಣೆಯೆಲ್ಲ ಪಾಪ, ಅಚ್ಚುಪತ್ರದಲ್ಲಿದ್ದ ಸತ್ತವರ ಚಿತ್ರದ ಕೆನ್ನೆಗೆ ಅಂಟಿತಂತೆ.

ಅತ್ತೆ ಮರದಡಿಗೆ ಮರಳಿದರು. "ಮೇಕೆ, ಈಗ ನೋಡ್ಬೇಕಂತೆ ಅನ್ನು."

ಕಣಜದ ಹಿಂದಿನಿಂದ ಬಂದ ನನಗೆ ನಗು ಉಕ್ಕಿತು. ರಟ್ಟು ಎಳೆದರೆ ಬೈಕು ಏಳುತ್ತದೆಯೇ? "ನೋಡ್ರಪ್ಪಾ, ಕಿಡಿಯೂ ಇಲ್ಲ, ಮಣ್ಣೂ ಇಲ್ಲ!" ಎನ್ನುತ್ತಾ ಪ್ಲಗ್ಗಿನ ತಂತಿಯ ತುದಿಯನ್ನು ಬರಿಗೈಯಲ್ಲಿ ಹಿಡಿದು, ಸಮಸ್ತ ಅಸೆಂಬೋ ನೋಡಲೆಂದು ಕಿಕ್ ಹೊಡೆದೆ.

ಅಯ್ಯಯ್ಯಪ್ಪಾ! ಬೆರಳಿನಿಂದ ದವಡೆಯವರೆಗೆ ಸಿಡಿಲು! ನೆಲ ಬಿಟ್ಟು ಹಾರಿದೆ, ಅದೂ ನೇರ ಅತ್ತೆಯ ಮಡಿಲಿನ ಕಡೆಗೆ! ಮುಟ್ಟಿದರೆ ಏಳು ತಲೆಮಾರಿಗೂ ಕಳಂಕ! ಗಾಳಿಯಲ್ಲೇ ಮೈ ತಿರುಚಿ, ಒಣಗಲು ಹರಡಿದ್ದ ಸಣ್ಣ ಮೀನಿನ ರಾಶಿಯ ಮೇಲೆ ಬೋರಲು ಬಿದ್ದೆ.

"ಮೇಕೆ," ಎಂದರು ಅತ್ತೆ ತಣ್ಣಗೆ, "ಕಿಡಿ ಬಂತು ಅಂತ ಹೇಳು."

"ಗೊತ್ತಾಯ್ತಂತೆ ಅಮ್ಮಾ," ಎಂದಳು ಹೆಂಡತಿ.

ಪ್ಲಗ್ಗು ಕೂರಿಸಿ ನ್ಯಾಂಗ್ವೆಸೋ ಒಂದೇ ಕಿಕ್ ಹೊಡೆದ. ಬೈಕು ಗುಡುಗಿತು! ಆದರೆ ನನ್ನ ಬಲಗೈ ಸತ್ತ ಹಾವಿನಂತೆ ಜೋತಾಡುತ್ತಿತ್ತು. ಅತ್ತೆ ಲಂಗ ಎತ್ತಿಕಟ್ಟಿ ಮುಂದೆ ಕುಳಿತರು, ಮಗಳು ಹಿಂದೆ. ಧೂಳೆದ್ದಿತು, ಹೋದರು.

ಹೋಗಲಿ, ಗೆದ್ದವನು ನಾನೇ! ಸೂರು ನನಗೇ ಉಳಿಯಿತಲ್ಲ! ಮರುದಿನ ಬೇಲಿಯ ಹೊರಗೆ ಏಳು ಕೆಟ್ಟ ಬೈಕುಗಳು ಸಾಲುಗಟ್ಟಿ ನಿಂತಿದ್ದವು. ಎದೆಯುಬ್ಬಿಸಿ ಸ್ಪ್ಯಾನರ್ ಹಿಡಿದು ಹೊರಬಂದೆ. "ಒಬ್ಬೊಬ್ರಾಗಿ ಬನ್ನಿ!"

"ನೀನು ಸ್ವಲ್ಪ ಸರಿ ಮಾರಾಯ," ಎಂದ ನ್ಯಾಂಗ್ವೆಸೋ. "ನಿಮ್ಮತ್ತೆ ಮತ್ತೆ ಯಾವಾಗ ಬರ್ತಾರೆ?"

ಈಗ ಊರವರೆಲ್ಲ ಸೇರಿ ನನ್ನ ಬೇಲಿಯಾಚೆ ಅತ್ತೆಗೊಂದು ಗುಡಿಸಲು ಎಬ್ಬಿಸಿದ್ದಾರೆ. ತಿಂಗಳಲ್ಲಿ ಹದಿನೈದು ದಿನ ಅವರು ಅಲ್ಲೇ. ಅವರು ಒಂದು ರಾತ್ರಿಯೂ ಉಳಿಯಬಾರದೆಂದು ಅಷ್ಟೆಲ್ಲ ಹೆಣಗಿದ ನಾನೇ ಆ ಗುಡಿಸಲಿಗೆ ಹುಲ್ಲು ಹೊದಿಸಿಕೊಟ್ಟೆ!