ಹೊಗಳಿಕೆಯ ಕುರ್ಚಿ

ಇದರಲ್ಲಿ ಒಂದೆರಡು ವಿವರ ತಪ್ಪಿರಬಹುದು ಅಂತ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ನೆನಪಿಗೆ ಒಂದು ಕೆಟ್ಟ ಚಾಳಿ: ನಡೆಯಬೇಕಿತ್ತು ಅಂತ ನನಗೆ ಅನ್ನಿಸಿದ್ದೆಲ್ಲ ನಡೆದೇಬಿಟ್ಟಿತ್ತು ಅಂತ ಆಮೇಲೆ ಸಾಧಿಸುತ್ತದೆ. ನೆಲಮಂಗಲದ ನಮ್ಮ ಕಾಲೇಜಿಗೆ ಹೊಸ ಪ್ರಿನ್ಸಿಪಾಲರು ಬಂದ ದಿನ, "ನಾನು ನಿಮ್ಮ ಮೇಲಧಿಕಾರಿ ಅಲ್ಲ, ನಿಮ್ಮೊಳಗಿನ ಶಕ್ತೀನ ಎಬ್ಬಿಸೋಕೆ ಬಂದವನು" ಅಂತ ಗಟ್ಟಿಯಾಗಿ ಅಂದರು. ಊಟ ಮುಗಿಸಿ ತೂಕಡಿಸುತ್ತಿದ್ದ ನಾವು ನೆಟ್ಟಗೆ ಕೂತೆವು. ಅಷ್ಟರಮಟ್ಟಿಗೆ ಎಬ್ಬಿಸಿದ್ದು ನಿಜ.

ಅವರು ತಂದ ಪದ್ಧತಿ ಹೀಗೆ. ಪ್ರತಿ ಸೋಮವಾರ ಸ್ಟಾಫ್ ರೂಮಿನ ನಡುವೆ ಒಂದು ಕುರ್ಚಿ ಹಾಕಿ ಒಬ್ಬರು ಕೂರಬೇಕು, ಉಳಿದವರು ಅವರನ್ನು ಹೊಗಳಬೇಕು. ಕೂತವರು ತಮ್ಮ ಬಗ್ಗೆ ಮನೆಯವರು ಆಡಿದ ಒಂದು ಒಳ್ಳೆ ಮಾತನ್ನೂ ತರಬೇಕು. ಮೊದಲು ಕೂತವರು ಕಾಮರ್ಸ್‌ನ ರಂಗಸ್ವಾಮಿ ಮೇಷ್ಟ್ರು. "ಹೈವೇಲಿ ಎಷ್ಟೇ ಲಾರಿ ನಿಂತಿದ್ರೂ ಸಾರ್ ಟೈಮಿಗೆ ಬರ್ತಾರೆ" ಅಂದರು ಯಾರೋ. "ಅವರ ಪಾಠ ಕೇಳ್ತಾನೇ ಇರೋಣ ಅನ್ಸುತ್ತೆ" ಅಂತ ನಾನೂ ಒಗ್ಗರಣೆ ಹಾಕಿದೆ. ಮೇಷ್ಟ್ರಿಗೆ ಎಷ್ಟು ಹುರುಪು ಬಂತೆಂದರೆ, ಅವತ್ತು ತಮ್ಮ ಪೀರಿಯಡ್ ಮುಗಿಸಿ ಅದರ ನಂತರದ ನನ್ನ ಪೀರಿಯಡ್ಡನ್ನೂ ನುಂಗಿಬಿಟ್ಟರು. ನಾನು ಬಾಗಿಲಲ್ಲಿ ನಿಂತೇ ಇದ್ದೆ. ಮ್ಯಾನೇಜ್‌ಮೆಂಟ್ ಪಾಠ ಮಾಡುವವಳು ನಾನು. ಅವತ್ತು ಮಾಡಬೇಕಿದ್ದ ಪಾಠ, ನೌಕರರನ್ನು ಹುರಿದುಂಬಿಸುವುದು ಹೇಗೆ!

ನಾಳೆ ಆ ಕುರ್ಚಿ ನನ್ನದು. ಮನೆಯ ಮಾತು ಬೇಕಲ್ಲ, ಯಜಮಾನರನ್ನು ಕೇಳಿದೆ. "ನೀನೇ ಏನಾದ್ರೂ ಬರ್ಕೊ, ಸೈನ್ ಹಾಕ್ತೀನಿ" ಅಂದರು. ಹಿತ್ತಲಲ್ಲಿ ಅವರೆಕಾಳು ಹಿದುಕುತ್ತಿದ್ದ ಅತ್ತೆಯ ಪಕ್ಕ ಹೋಗಿ ಕೂತೆ. ನಾನೇ ಪಾಠ ಮಾಡುವ ಪ್ರಕಾರ, ಮೊದಲು ನಾವು ಹೊಗಳಬೇಕು.

"ಅತ್ತೆ, ಇವತ್ತು ಸಾರು ತುಂಬಾ ಚೆನ್ನಾಗಿತ್ತು."

"ಯಾಕಮ್ಮ, ಉಪ್ಪು ಜಾಸ್ತಿ ಆಗಿತ್ತಾ?"

"ಇಲ್ಲ ಅತ್ತೆ. ನನ್ನ ಬಗ್ಗೆ ಒಂದು ಒಳ್ಳೆ ಮಾತು ಹೇಳಿ. ಕಾಲೇಜಲ್ಲಿ ಕೇಳಿದಾರೆ."

ಅವರ ಕೈ ನಿಂತಿತು. "ಯಾಕೆ, ಕೆಲಸದಿಂದ ತೆಗೀತಾರಂತಾ?"

ನಾಳೆ ಕುರ್ಚಿಯಲ್ಲಿ ಕೂತು ನಾನೇ ಏನಾದರೊಂದು ಕಟ್ಟಿ ಹೇಳಿಬಿಡಬಹುದು. ವಾರ ಕಳೆಯುವುದರೊಳಗೆ ಅದನ್ನು ಅತ್ತೆಯೇ ಹೇಳಿದ್ದರೆಂದು ನನ್ನ ನೆನಪು ನನ್ನನ್ನೇ ನಂಬಿಸಿಬಿಡುತ್ತದೆ. ಆದರೆ ಅಷ್ಟು ಹೊತ್ತಿಗೆ ಕೇಳುವ ಆಸೆ ನನಗೇ ಹುಟ್ಟಿಬಿಟ್ಟಿತ್ತು. ಇಷ್ಟು ವರ್ಷ ಒಂದೇ ಒಲೆಯ ಮುಂದೆ ನಿಂತಿದ್ದೇವಲ್ಲ.

"ಕಾಲೇಜಿನ ಮಾತು ಬಿಡಿ ಅತ್ತೆ. ನನಗೋಸ್ಕರ ಹೇಳಿ. ನನ್ನಲ್ಲಿ ನಿಮಗೆ ಏನು ಇಷ್ಟ?"

ಅತ್ತೆ ಒಮ್ಮೆ ನನ್ನ ಮುಖ ನೋಡಿ, ನೆನೆದ ಕಾಳಿನ ಬೋಗುಣಿಯನ್ನು ನನ್ನ ಕಡೆಗೆ ಸರಿಸಿದರು. ಕಾಳೆಲ್ಲ ಹಿದುಕಿ ಮುಗಿಸಿದೆ. ಉತ್ತರ ಇನ್ನೂ ಬಂದಿಲ್ಲ.