ಪರ್ಮಿಟ್ ಮಾಫಿ

ಗಲ್ಫಿಗೆ ಬಂದವರು ಮೊದಲ ವಾರದಲ್ಲೇ ಕಲಿಯುವ ಪದವೊಂದನ್ನು ಲತೇಶ ಒಂದು ವರ್ಷವಾದರೂ ಕಲಿಯದೇ ಉಳಿದದ್ದು ಪೂರ್ತಿ ಅವನ ತಪ್ಪಲ್ಲ. ದುಬೈಯ ಅವನ ಆಫೀಸಿನಲ್ಲಿ ಮ್ಯಾನೇಜರಿನಿಂದ ಹಿಡಿದು ಚಹಾ ತಂದುಕೊಡುವವನವರೆಗೆ ಎಲ್ಲರೂ ಉಡುಪಿ ಮಂಗಳೂರಿನವರು. ಬೈಗುಳ ಕೂಡ ತುಳುವಿನಲ್ಲೇ ಸಿಗುತ್ತಿದ್ದಾಗ ಅರಬ್ಬಿ ಕಲಿಯುವ ಅಗತ್ಯ ಯಾರಿಗಿತ್ತು? ಹಾಗಾಗಿ ಮೇ ತಿಂಗಳ ಆ ಶುಕ್ರವಾರ ಬೆಳಿಗ್ಗೆ, ವಿಲ್ಲಾದ ಕಾವಲಿಗಿದ್ದ ಪಠಾಣ ಗುಲ್ ಜಮಾನ್ ಗೇಟಿನ ಬಳಿ ನಿಂತು, "ಅರ್ಬಾಬ್ ಬೋಲಾ, ಪರ್ಮಿಟ್ ಮಾಫಿ" ಎಂದಾಗ ಲತೇಶನಿಗೆ ನೆನಪಾದದ್ದು ಊರಿನ ಸೊಸೈಟಿಯ ಸಾಲ ಮಾಫಿ, ಬಡ್ಡಿ ಮಾಫಿ. ಅರ್ಬಾಬ ಎಂದರೆ ವಿಲ್ಲಾದ ಮಾಲಕ. ಹಿಂಬದಿಯ ಅಂಗಳದಲ್ಲಿ ಒಂದು ಸಣ್ಣ ಕೋಣೆ ಕಟ್ಟಿಕೊಳ್ಳಲೇ ಎಂದು ಲತೇಶ ಅವನಿಗೆ ಹೇಳಿ ಕಳಿಸಿದ್ದ. ಪರ್ಮಿಟ್ಟಿನ ರಗಳೆಯೇ ಇಲ್ಲದೆ ಒಪ್ಪಿಗೆ ಸಿಕ್ಕಿತಲ್ಲ ಎಂದು ಅವನಿಗೆ ಪಠಾಣನನ್ನು ತಬ್ಬಿಕೊಳ್ಳುವಷ್ಟು ಸಂತೋಷವಾಯಿತು.

ದೇರಾದ ಪಕ್ಕದ ಆ ಹಳೆಯ ವಿಲ್ಲಾವನ್ನು ಹಂಚಿ ಮೂರು ಸಂಸಾರಗಳಿಗೆ ಬಾಡಿಗೆಗೆ ಕೊಟ್ಟಿದ್ದರು. ಲತೇಶನ ಪಾಲಿಗೆ ಬಂದದ್ದು ಒಂದು ಕೋಣೆ, ಒಂದು ಅಡುಗೆಯ ಮೂಲೆ, ಹಿಂದೊಂದು ಅಂಗಳ. ಹೆಂಡತಿ ದೀಪ್ತಿಗೆ ಏಳು ತಿಂಗಳಾಗಿತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ಎರಡೂ ಕಡೆಯವರ ಹಟ. ಅದನ್ನು ತಪ್ಪಿಸಲು ಲತೇಶ ಪಟ್ಟ ಪಾಡು ಅಷ್ಟಿಷ್ಟಲ್ಲ. ಅವನ ಅಪ್ಪ ಮಸ್ಕತ್ತಿನಲ್ಲಿದ್ದವರು, ಮಗನನ್ನು ಮೊದಲು ನೋಡಿದಾಗ ಮಗ ಅಮ್ಮನ ಸೆರಗಿನ ಹಿಂದೆ ಓಡಿ ಅಡಗಿದ್ದನಂತೆ. ಆ ಕತೆಯನ್ನು ಅಪ್ಪ ನಗುತ್ತಲೇ ಹೇಳುತ್ತಿದ್ದರು. ಲತೇಶ ಮಾತ್ರ ಅದಕ್ಕೆ ಒಮ್ಮೆಯೂ ನಕ್ಕಿರಲಿಲ್ಲ. ತನ್ನ ಮಗುವನ್ನು ಹುಟ್ಟಿದ ದಿನವೇ ತಾನು ಎತ್ತಿಕೊಳ್ಳಬೇಕು, ಅಷ್ಟೇ ಅವನ ಆಸೆ. ಕೊನೆಗೆ ಅತ್ತೆ ಲೋಲಾಕ್ಷಿಯವರೇ ಬಾಣಂತನಕ್ಕೆ ಇಲ್ಲಿಗೆ ಬರುವುದೆಂದು ತೀರ್ಮಾನವಾಯಿತು. ದೀಪ್ತಿ ಒಂದೇ ಒಂದು ಷರತ್ತು ಹಾಕಿದ್ದಳು.

"ಅಮ್ಮನಿಗೆ ಬೇರೆ ರೂಮು ಬೇಕು. ಇಲ್ಲದಿದ್ರೆ ನಾನು ಅವರೊಟ್ಟಿಗೇ ಊರಿಗೆ ಹೋಗುದು. ನೀವು ಮಗುವನ್ನು ವಾಟ್ಸಾಪಿನಲ್ಲಿ ನೋಡಿ."

ಅತ್ತೆಯ ವಿಮಾನ ಅದೇ ಸಂಜೆ ಇಳಿಯುವುದಿತ್ತು.

ಪಕ್ಕದ ಪಾಲಿನ ಹಸನಬ್ಬ ಗಲ್ಫಿನಲ್ಲೇ ಗಡ್ಡ ನರೆತವರು. ವೀಸಾ, ಟ್ರಾಫಿಕ್ಕು, ಹೊಟ್ಟೆನೋವು, ಯಾವುದಕ್ಕಾದರೂ ಅವರ ಹತ್ತಿರ ಉತ್ತರವಿತ್ತು. ಪೇಟೆಯಲ್ಲಿ ಏನೋ ಕೆಲಸ ಮುಗಿಸಿ ಹಾಗೇ ಜುಮಾ ನಮಾಜಿಗೆ ಹೋಗುವುದೆಂದು ಅವರು ಬೇಗನೆ ಹೊರಟಿದ್ದರು. ಲತೇಶ ಅವರನ್ನು ಗೇಟಿನಲ್ಲಿ ತಡೆದ.

"ಹಸನಬ್ಬಾಕ, ರೂಮಿಗೆ ಪರ್ಮಿಟ್ ಮಾಫಿ ಅಂತೆ."

ಗಲ್ಫಿನ ಅರಬ್ಬಿಯಲ್ಲಿ ಮಾಫಿ ಎಂದರೆ ಇಲ್ಲ ಎಂದರ್ಥ. ಹಸನಬ್ಬರ ಮುಖ ಸಣ್ಣದಾಯಿತು. "ಛೆ. ಬೇಜಾರು ಮಾಡ್ಬೇಡ ಮಾರಾಯ. ದೇವರು ಬೇರೆ ಎಂತಾದ್ರೂ ದಾರಿ ತೋರಿಸ್ತಾನೆ" ಎಂದು ಅವನ ಬೆನ್ನು ತಟ್ಟಿ ಹೋದರು. ಇನ್ನೊಬ್ಬರ ಒಳ್ಳೆಯದನ್ನು ಕಂಡರೆ ಈ ಜನಕ್ಕೆ ಯಾಕೆ ಇಷ್ಟು ಸಂಕಟ ಎಂದು ಲತೇಶ ಬೇಸರಪಟ್ಟುಕೊಂಡ.

ಬಡಗಿ ಮೋನು ಗೋಡೆಯ ಚೌಕಟ್ಟುಗಳನ್ನು ಶಾರ್ಜಾದ ತನ್ನ ವರ್ಕ್‌ಶಾಪಿನಲ್ಲೇ ಮಾಡಿಟ್ಟುಕೊಂಡು ಒಂದು ಮಾತಿಗಾಗಿ ಕಾಯುತ್ತಿದ್ದ. ಲತೇಶ ಫೋನು ಮಾಡಿದ್ದೇ ಪಿಕಪ್ಪಿನಲ್ಲಿ ಎಲ್ಲವನ್ನೂ ಹೇರಿಕೊಂಡು ಬಂದ. ಅಂಗಳದಲ್ಲಿ ಹಿಂದೆಂದೋ ಹಾಕಿದ್ದ ಸಿಮೆಂಟಿನ ನೆಲವೊಂದು ಇತ್ತು. ಅದರ ಮೇಲೆಯೇ ಕೋಣೆ ಏಳತೊಡಗಿತು.

ಸುತ್ತಿಗೆಯ ಸದ್ದಿಗೆ ಮುಂಬದಿಯ ಪಾಲಿನ ಎಲ್ಸಿ ಬಂದರು. ಕಿಟಕಿ ತಮ್ಮ ಅಡುಗೆಮನೆಯತ್ತ ಮುಖ ಮಾಡಬಾರದು ಎಂದರು. ಮೋನು ಕಿಟಕಿಯನ್ನು ಕಿತ್ತು ಆಚೆ ಬದಿಗೆ ಇಟ್ಟ. ಅವರ ಗಂಡ ರೇಮಂಡ್ ಬಂದು, ಆ ಬದಿಯಿಂದ ಮರಳು ನುಗ್ಗುತ್ತದೆ ಎಂದರು. ಕಿಟಕಿ ಮತ್ತೆ ಜಾಗ ಬಿಟ್ಟಿತು. ಹಲಗೆಗಳೆಲ್ಲ ಲತೇಶನ ಆಫೀಸಿನ ಗೋದಾಮಿನಲ್ಲಿ ಬಿಸಾಡಿದ್ದ ಪ್ಯಾಕಿಂಗ್ ಪೆಟ್ಟಿಗೆಗಳವು. ಬಾಗಿಲಿನ ಮೇಲೆ ಕೆಂಪು ಅಕ್ಷರದಲ್ಲಿ, ಒಡೆಯುವ ವಸ್ತು, ಜೋಪಾನ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅಮ್ಮ ಓದಿದರೆ ಏನು ತಿಳಿದುಕೊಂಡಾರು ಎಂದು ದೀಪ್ತಿ ಮುಖ ಊದಿಸಿದಳು. ಬಾಗಿಲನ್ನು ತಿರುಗಿಸಿ ಹಾಕಿದರು. ಅಂತೂ ಊಟದ ಹೊತ್ತು ದಾಟುವಷ್ಟರಲ್ಲಿ ಕೋಣೆ ಎದ್ದು ನಿಂತಿತು. ಒಂದು ಮಂಚ ಹಿಡಿಸುವಷ್ಟು, ಸ್ವಲ್ಪ ಎಡಕ್ಕೆ ವಾಲಿದ, ಚಂದದ ಕೋಣೆ. ದೀಪ್ತಿ ಒಳಗೆ ಹೋಗಿ ಗೋಡೆ ಮುಟ್ಟಿ ನೋಡಿ ನಕ್ಕಳು. ಲತೇಶನಿಗೆ ಕಣ್ಣು ತುಂಬಿ ಬಂತು.

ಹಸನಬ್ಬ ನಮಾಜು, ಗೆಳೆಯರ ಮನೆಯ ಊಟ ಎರಡನ್ನೂ ಮುಗಿಸಿ ಮರಳಿದ್ದು ಆಗಲೇ. ಕೋಣೆಯನ್ನು ನೋಡಿದವರೇ ಗೋಡೆಗೆ ಒರಗಿಬಿಟ್ಟರು.

"ಎಂತ ಮಾಡಿದ್ದು ಮಾರಾಯ ನೀನು? ಪರ್ಮಿಟ್ ಮಾಫಿ ಅಂತ ಬೆಳಿಗ್ಗೆ ನೀನೇ ಹೇಳಿದ್ದಲ್ವಾ?"

"ಹೌದು. ಅದಕ್ಕೇ ಕಟ್ಟಿಸಿದ್ದು."

"ಮಾಫಿ ಅಂದ್ರೆ ಇಲ್ಲ ಅಂತ. ಫುಲೂಸ್ ಮಾಫಿ ಅಂದ್ರೆ ದುಡ್ಡಿಲ್ಲ. ಪರ್ಮಿಟ್ ಮಾಫಿ ಅಂದ್ರೆ ಪರ್ಮಿಟ್ ಇಲ್ಲ. ಇಷ್ಟು ಗೊತ್ತಿಲ್ವಾ ನಿಂಗೆ?"

ದಂಡ, ಜೈಲು, ಪಾಸ್‌ಪೋರ್ಟಿನ ಮೇಲೆ ಠಸ್ಸೆ ಎಂದು ಅವರು ಒಂದೊಂದಾಗಿ ವಿವರಿಸತೊಡಗಿದರು. ಗಂಡನನ್ನೇ ಊರಿಗೆ ಅಟ್ಟಿದರೆ ಹೆಂಡತಿ ಇಲ್ಲಿ ಹೆತ್ತೇನು ಪ್ರಯೋಜನ ಎಂದು ಎಲ್ಸಿ ಸೇರಿಸಿದರು. ಅಷ್ಟರಲ್ಲಿ ಗೇಟಿನ ಹೊರಗೆ ಒಂದು ಬಿಳಿ ಕಾರು ಬಂದು ನಿಂತಿತು. ಬಾಗಿಲಿನ ಮೇಲೆ ಹಸಿರು ಮುದ್ರೆ, ಒಳಗೆ ಸಮವಸ್ತ್ರ ತೊಟ್ಟ ಇಬ್ಬರು. ಕಾಗದ ಹಿಡಿದುಕೊಂಡು ವಿಲ್ಲಾದ ನಂಬರನ್ನೇ ನೋಡುತ್ತಿದ್ದರು.

"ಬಲ್ದಿಯಾದವರು" ಎಂದರು ಹಸನಬ್ಬ ಪಿಸುದನಿಯಲ್ಲಿ. ಬಲ್ದಿಯಾ ಎಂದರೆ ಮುನಿಸಿಪಾಲಿಟಿ ಎಂದು ಲತೇಶನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಕಟ್ಟುವಾಗ ಬರೀ ಸಲಹೆ ಕೊಟ್ಟವರೆಲ್ಲ ಕೆಡವುವಾಗ ಕೈ ಹಾಕಿದರು. ರೇಮಂಡ್ ಮಾಡನ್ನು ಎಳೆದರು. ಹಸನಬ್ಬ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ಗೋಡೆಗೆ ಹೆಗಲು ಕೊಟ್ಟರು. ಮೋನು ತಾನು ಹೊಡೆದ ಮೊಳೆಗಳನ್ನು ತಾನೇ ಕೀಳುತ್ತಾ ಮಲಯಾಳದಲ್ಲಿ ಏನೇನೋ ಗೊಣಗುತ್ತಿದ್ದ. ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಕೋಣೆ ಹಲಗೆಯ ರಾಶಿಯಾಯಿತು.

ಸಮವಸ್ತ್ರದವರು ಬೆನ್ನಿಗೆ ಔಷಧ ಹೊಡೆಯುವ ಡಬ್ಬಿ ಕಟ್ಟಿಕೊಂಡು ಒಳಗೆ ಬಂದು, ತಿಗಣೆ ಇರುವ ಮನೆ ಯಾವುದು ಎಂದು ಕೇಳಿದರು. ಹಸನಬ್ಬರ ಹೆಂಡತಿ ಖತೀಜಮ್ಮ ಬಾಗಿಲ ಸಂದಿಯಿಂದ ಕೈ ಸನ್ನೆ ಮಾಡಿ ಅವರನ್ನು ಸದ್ದಿಲ್ಲದೆ ಒಳಗೆ ಕರೆದುಕೊಂಡರು.

ಹೋಗಲಿ, ಇವತ್ತಲ್ಲದಿದ್ದರೆ ನಾಳೆ ನಿಜವಾದ ಬಲ್ದಿಯಾದವರು ಬರುತ್ತಿದ್ದರು, ಒಳ್ಳೆಯದೇ ಆಯಿತು ಎಂದು ಹಸನಬ್ಬ ಸಮಾಧಾನ ಹೇಳಿದರು. ಮೋನು ಸಾಮಾನು ಕಟ್ಟಿಕೊಂಡು ಶಾರ್ಜಾಕ್ಕೆ ಹೋದ. ಅವನ ಪಿಕಪ್ಪು ತಿರುವಿನಲ್ಲಿ ಮರೆಯಾಗುವಾಗ ಬೆಳಿಗ್ಗೆಯೇ ಅರ್ಬಾಬನ ಮನೆಗೆ ಹೋಗಿದ್ದ ಗುಲ್ ಜಮಾನನ ಗಾಡಿ ಬಂತು. ಅದರಲ್ಲಿ ಒಂದು ಎ.ಸಿ. ಇತ್ತು. ಬಸುರಿಯ ತಾಯಿ ಬರುತ್ತಿದ್ದಾರೆಂದು ಕೇಳಿ ಅರ್ಬಾಬ ತನ್ನ ಹಳೆಯ ಎ.ಸಿ.ಯನ್ನು ಹೊಸ ಕೋಣೆಗೆಂದು ಕಳಿಸಿದ್ದನಂತೆ. ಕೋಣೆ ಎಲ್ಲಿ ಎಂದು ಪಠಾಣ ಕೇಳಿದ.

ಲತೇಶ ಕೈಮುಗಿದು, ಆಗಷ್ಟೇ ಕಲಿತದ್ದನ್ನು ಒಪ್ಪಿಸಿದ. "ಕೋಣೆ ಮಾಫಿ."

ಪಠಾಣನಿಗೆ ತಲೆಬುಡ ತಿಳಿಯಲಿಲ್ಲ. ಹಸನಬ್ಬ ಅರಬ್ಬಿಯ ಪಾಠವನ್ನು ಅವನಿಗೂ ಮಾಡಿದರು. ಅವನು ಪೂರ್ತಿ ಕೇಳಿ, ತಾನೇನು ಅರಬನೇ, ಅರಬ್ಬಿಯಲ್ಲಿ ಮಾತಾಡಲಿಕ್ಕೆ ಎಂದು ಕೇಳಿದ. ತಾನು ಹೇಳಿದ್ದು ಉರ್ದುವಿನಲ್ಲಿ. ಮಾಫಿ ಎಂದರೆ ಮಾಫಿ. ಅರ್ಬಾಬನ ತಂದೆಯ ಕಾಲದಲ್ಲಿ ಅದೇ ಸಿಮೆಂಟಿನ ಮೇಲೆ ಡ್ರೈವರನ ಕೋಣೆ ಇತ್ತು, ಅದರ ಕಾಗದ ಈಗಲೂ ನಡೆಯುತ್ತದೆ, ಹೊಸ ಪರ್ಮಿಟ್ ಬೇಡವೆಂದು ಅರ್ಬಾಬ ವಿಚಾರಿಸಿಯೇ ಹೇಳಿ ಕಳಿಸಿದ್ದ. ಈಗ ಕೋಣೆಯೇ ಇಲ್ಲವೆಂದ ಮೇಲೆ, ಎ.ಸಿ.ಗಾಗಿ ಇನ್ನೊಂದು ವಿಲ್ಲಾದವರು ಕಾಯುತ್ತಿದ್ದಾರೆ, ಖಲಾಸ್ ಎಂದು ಗಾಡಿ ತಿರುಗಿಸಿಕೊಂಡು ಹೋದ.

"ಹೇಳಿದ್ದು ಪಠಾಣ ಅಂತ ನಂಗೆ ಹೊಳೆಯಲೇ ಇಲ್ಲ ನೋಡು" ಎಂದರು ಹಸನಬ್ಬ.

ಅತ್ತೆಯನ್ನು ವಿಮಾನ ನಿಲ್ದಾಣದಿಂದ ಕರೆತರುವಾಗ ಲತೇಶ ದಾರಿಯುದ್ದಕ್ಕೂ ಹವೆಯ ಬಗ್ಗೆಯೇ ಮಾತಾಡಿದ. ಮನೆಗೆ ಬಂದು ಅಂಗಳದ ಹಲಗೆ ರಾಶಿ ತೋರಿಸಿ ನಡೆದದ್ದೆಲ್ಲವನ್ನೂ ಹೇಳಿಬಿಟ್ಟ. ದೀಪ್ತಿ ಅಳುತ್ತಾ, ಹಾಗಾದರೆ ನಾಳೆಯೇ ಟಿಕೆಟ್ ನೋಡಿ ಎಂದಳು.

ಲೋಲಾಕ್ಷಿಯವರು ಮಗಳನ್ನೊಮ್ಮೆ ಅಳಿಯನನ್ನೊಮ್ಮೆ ನೋಡಿದರು.

"ಟಿಕೆಟ್ ಎಂತಕ್ಕೆ? ಗುರುತಿಲ್ಲದ ಊರಲ್ಲಿ ನಾನು ಒಬ್ಬಳೇ ಅಂಗಳದಲ್ಲಿ ಮಲಗ್ತೇನಾ? ನಾನು ಮಲಗುದು ಮಗಳೊಟ್ಟಿಗೆ. ರೂಮು ನೀವು ನಿಮಗೇ ಕಟ್ಟಿಸುದು ಅಂತ ನಾನು ತಿಳ್ಕೊಂಡದ್ದು."

ದೀಪ್ತಿ ಕಣ್ಣೊರೆಸಿಕೊಂಡಳು. ಮಗು ಇಲ್ಲೇ ಹುಟ್ಟುತ್ತದೆ ಎಂದು ಲತೇಶನ ಎದೆ ಹಗುರವಾಯಿತು. ಅವನು ಅದೇ ಖುಷಿಯಲ್ಲಿ ಪೆಟ್ಟಿಗೆಗಳನ್ನು ಒಳಗಿಟ್ಟ, ಹೊದಿಕೆ ಕೊಡವಿದ, ನೀರು ತಂದಿಟ್ಟ. ಮತ್ತೆ ನೋಡಿದರೆ ಮಂಚ ತುಂಬಿತ್ತು, ಪೆಟ್ಟಿಗೆಗಳಿಂದ ನೆಲವೂ ತುಂಬಿತ್ತು. ಅತ್ತೆ ಅವನ ದಿಂಬನ್ನು ಎರಡೂ ಕೈಯಲ್ಲಿ ಮರ್ಯಾದೆಯಿಂದ ಹಿಡಿದು ಅವನಿಗೆ ಕೊಟ್ಟು, ಬಾಗಿಲು ಹಾಕಿಕೊಂಡರು.

ಅಂಗಳದಲ್ಲಿ ಹಗಲಿನ ಕಾವು ಇನ್ನೂ ಇಳಿದಿರಲಿಲ್ಲ. ಲತೇಶ ದಿಂಬು ಹಿಡಿದುಕೊಂಡು ಹಲಗೆಗಳ ಮುಂದೆ ನಿಂತ. ಅತ್ತೆಗೆ ಅವನೇ ಓಡಾಡಿ ಮಾಡಿಸಿದ ವಿಸಿಟ್ ವೀಸಾ ಮೂರು ತಿಂಗಳಿನದು.